ಹೊಗೆಸೊಪ್ಪಿನ ಕಡ್ಡಿಯ ಹಾಸಿಗೆ

ಮಕ್ಕಳೇ, ಆ ಬೇಸಿಗೆಯಲ್ಲಿ ನನಗೆ ಕೂರಲು ಜಾಗವಿರಲಿಲ್ಲ. ಮುಂದೆ ಜಗಲಿ, ಹಿಂದೆ ಅಷ್ಟುದ್ದದ ಹಿತ್ತಲು, ಅಜ್ಜಿಗೆ ಜಾಗವಿರಲಿಲ್ಲವೇ ಎಂದು ನೀವು ನಗುತ್ತೀರಿ. ಕೂರಲು ಇತ್ತು. ಕೂತು ಬರೆಯಲು ಇರಲಿಲ್ಲ.

ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಬೇಸಿಗೆಯೆಂದರೆ ಸಸಿಯ ಕಾಲ. ಹಿತ್ತಲಿನಲ್ಲಿ ನೆರಳಿನ ಪರದೆ ಕಟ್ಟಿ, ಅದರ ಕೆಳಗೆ ಟ್ರೇಗಳನ್ನು ಜೋಡಿಸಿ, ಪಾತಿಯಿಂದ ಕಿತ್ತ ಎಳೆಯ ಸಸಿಗಳನ್ನು ಟ್ರೇಯ ಒಂದೊಂದು ಗುಳಿಗೂ ಒಂದೊಂದರಂತೆ ಕೂರಿಸಬೇಕು. ನಿಮ್ಮಪ್ಪ, ನಿಮ್ಮಮ್ಮ ಇಬ್ಬರೂ ಬೆಳಗಿನಿಂದ ಆ ಪರದೆಯ ಕೆಳಗೇ. ಕೆಲಸಕ್ಕೆ ಬರುವ ಹೆಂಗಸರಿಗೆ ಕಾಫಿ, ತಿಂಡಿ, ಮಧ್ಯಾಹ್ನದ ಮುದ್ದೆ ಸಾರು ನನ್ನ ಪಾಲಿನದು. ನಿಮಗಿಬ್ಬರಿಗೂ ಶಾಲೆಯ ರಜ. ಚಿಕ್ಕವನು ಗಳಿಗೆಗೊಮ್ಮೆ ಬಾವಿಯ ಕಟ್ಟೆ ಹತ್ತುತ್ತಿದ್ದ. ದೊಡ್ಡವಳು ಮೊಬೈಲು ಹಿಡಿದು ಕೋಣೆ ಸೇರಿದರೆ ಕೂಗಿದರೂ ಕೇಳಿಸುತ್ತಿರಲಿಲ್ಲ. ಇಷ್ಟು ಸಾಲದು ಎಂಬಂತೆ ನಿಮ್ಮಪ್ಪ ಬೈಲಕುಪ್ಪೆಯಿಂದ ನಾಯಿಮರಿ ತಂದ.

ಅಲ್ಲಿನ ಟಿಬೆಟಿನವರ ಕ್ಯಾಂಪಿನಲ್ಲಿ ಜೋಳದ ಹೊಲ ಉಳಲು ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದವನಿಗೆ ಆ ಮನೆಯ ಮುದುಕಿ ಮರಿಯನ್ನು ಕೊಟ್ಟು ಕಳಿಸಿದ್ದಳಂತೆ. ಮೈಯೆಲ್ಲ ಕೂದಲು. ಮುಖ ಎಲ್ಲಿದೆ, ಬಾಲ ಎಲ್ಲಿದೆ ಎಂದು ಹುಡುಕಬೇಕು. ನಮ್ಮ ಬಿಸಿಲಿಗೆ ಅದು ನೀರಿನ ಕೊಡಕ್ಕೆ ಹೊಟ್ಟೆ ಒತ್ತಿಕೊಂಡು ಮಲಗುತ್ತಿತ್ತು.

“ಅವ್ವ, ಇದು ನಿನ್ ಜವಾಬ್ದಾರಿ ಕಣವ್ವ,” ಎಂದ ನಿಮ್ಮಪ್ಪ. “ಟ್ರೇ ಮೇಲೆ ಏನಾದ್ರೂ ಕಾಲಿಕ್ತೋ, ತಿರ್ಗಾ ಬುಟ್ಟು ಬತ್ತೀನಿ.”

“ತಂದೋನು ನೀನು. ನಂಗ್ಯಾಕಪ್ಪ?”

“ನೀನು ಮನೇಲೇ ಇರ್ತೀಯಲ್ಲ.”

ಮನೆಯಲ್ಲೇ ಇರುವವಳಲ್ಲವೇ, ಮರಿ ನನ್ನ ಪಾಲಿಗೆ ಬಂತು.

ನಾನು ಬರೆಯುತ್ತಿದ್ದದ್ದು ನಿಮಗಾಗಿಯೇ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ನಿಮ್ಮ ತಾತ ಹೋದ ಮೇಲೆ ಸಂಜೆಯ ಹೊತ್ತು ಸುಮ್ಮನೆ ಕೂರಲಾಗದೆ ನಿಮಗೊಂದು ಕಥೆ ಬರೆಯಲು ಹಿಡಿದಿದ್ದೆ. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸೆಂದು ತಿಳಿದು ಮಡಿಕೇರಿಯ ಬಸ್ಸು ಹತ್ತಿದ ಒಬ್ಬ ಹುಡುಗಿಯ ಕಥೆ. ಅವಳನ್ನು ಬಸ್ಸು ಹತ್ತಿಸಿದ್ದು ಶಿವರಾತ್ರಿಗೆ ಮುಂಚೆ. ಯುಗಾದಿ ಕಳೆದರೂ ಇಳಿಸಲು ನನಗೆ ಪುರುಸೊತ್ತಾಗಿರಲಿಲ್ಲ. ರೊಟ್ಟಿ ತಟ್ಟುವಾಗ, ಪಾತ್ರೆ ಬೆಳಗುವಾಗ ಆ ಹುಡುಗಿ ಕಿಟಕಿಗೆ ಮುಖ ಕೊಟ್ಟು ಕೂತಿರುವುದು ನನಗೆ ಕಾಣುತ್ತಿತ್ತು. ಕೈ ತೊಳೆದು ಪೆನ್ನು ಹಿಡಿಯುವಷ್ಟರಲ್ಲಿ ಮರಿ ಉಚ್ಚೆ ಹೊಯ್ದಿರುತ್ತಿತ್ತು, ಇಲ್ಲವೇ ಹಿತ್ತಲಿನಿಂದ “ಅತ್ತೆ, ಮಜ್ಜಿಗೆ!” ಎಂಬ ಕೂಗು.

“ಅಜ್ಜಿ, ಆ ಹುಡುಗಿ ಇನ್ನೂ ಬಸ್ಸಲ್ಲೇ ಅವ್ಳಾ?” ಎಂದು ದೊಡ್ಡವಳು ಕೇಳುತ್ತಿದ್ದಳು.

“ಅವ್ಳಿಗೆ ಹೊಟ್ಟೆ ಹಸಿಯಲ್ವಾ?” ಎಂದು ಚಿಕ್ಕವನು.

“ಡ್ರೈವರ್‌ಗೆ ನಿದ್ದೆ ಬರಲ್ವಾ ಅಂತ ಕೇಳು,” ಎಂದು ನಿಮ್ಮಮ್ಮ ಬಾಗಿಲಾಚೆಯಿಂದ.

ನೀವೆಲ್ಲ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಆದರೆ ಎಷ್ಟೋ ಸಲ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಿದ್ದೇನೆ. ಈ ವಯಸ್ಸಿನಲ್ಲಿ ಎರಡು ಹಾಳೆ ಬರೆಯಲಿಲ್ಲವೆಂದು ಅಳುವುದೇ ಎಂದು ನಾಚಿಕೆಯಾಗಿ ಮುಖ ತೊಳೆದು ಬರುತ್ತಿದ್ದೆ.

ಕೊನೆಗೆ ಒಂದು ಜಾಗ ಸಿಕ್ಕಿತು. ಸೊಪ್ಪು ಬೇಯಿಸಿ ಒಣಗಿಸುವ ಮನೆ, ನಮ್ಮ ಬ್ಯಾರನ್ನು, ಬೇಸಿಗೆಯಲ್ಲಿ ಖಾಲಿ. ನಾಲ್ಕು ಎತ್ತರದ ಗೋಡೆ, ಒಂದು ಬಾಗಿಲು. ಒಳಗೆ ಕಳೆದ ವರ್ಷದ ಸೊಪ್ಪಿನ ವಾಸನೆ. ಸೊಪ್ಪು ಬೇಯುವ ಕಾಲದಲ್ಲಿ ನಿಮ್ಮ ತಾತ ಅದರ ಬಾಗಿಲಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಈಗ ಅಲ್ಲಿ ನಾನು ಮಣೆ ಹಾಕಿಕೊಂಡು ಕೂರಬಹುದಿತ್ತು. ಮರಿಯನ್ನೂ ಅಲ್ಲೇ ಬಿದಿರಿನ ಮಂಕರಿಯಲ್ಲಿ ಮಲಗಿಸಿ ಬಾಗಿಲು ಮುಂದೆ ಮಾಡಿದರೆ ಅದು ಟ್ರೇಗಳ ಕಡೆ ಹೋಗುವುದೂ ತಪ್ಪುತ್ತಿತ್ತು.

ಅಷ್ಟರಲ್ಲಿ ಮರಿಗೆ ಉಣ್ಣಿ ಹತ್ತಿತು. ಅಷ್ಟೊಂದು ಕೂದಲಿನ ಒಳಗೆ, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಹುರುಳಿಕಾಳಿನಂತೆ ಕಚ್ಚಿಕೊಂಡಿದ್ದವು. ನೀವಿಬ್ಬರೂ ಕೂತು ಕಿತ್ತು ಸೀಮೆಎಣ್ಣೆಗೆ ಹಾಕಿದಿರಿ. ಮಾರನೆಯ ದಿನ ಅಷ್ಟೇ ಇದ್ದವು. ನಮ್ಮ ಕಡೆ ಕೋಳಿಯನ್ನು ಕಾವಿಗೆ ಕೂರಿಸುವಾಗ ಮಂಕರಿಯ ತಳಕ್ಕೆ ಒಂದು ಹಿಡಿ ಹೊಗೆಸೊಪ್ಪಿನ ಕಡ್ಡಿ ಹಾಸುವುದುಂಟು. ಆ ಘಾಟಿಗೆ ಕೋಳಿಹೇನು ಹತ್ತುವುದಿಲ್ಲ. ನಮ್ಮತ್ತೆ ಹಾಸುತ್ತಿದ್ದರು, ನಾನೂ ಹಾಸುತ್ತ ಬಂದಿದ್ದೇನೆ. ಕೋಳಿಗಾದದ್ದು ನಾಯಿಗೂ ಆಗುತ್ತದೆ ಎಂದು ಬ್ಯಾರನ್ನಿನ ಮೂಲೆಯಲ್ಲಿದ್ದ ಒಣಕಡ್ಡಿ ತಂದು ಮಂಕರಿಗೆ ಹಾಸಿ, ಮೇಲೆ ಗೋಣಿತಾಟು ಹಾಕಿದೆ.

ನಿಮ್ಮಮ್ಮ ನೋಡಿ ಅನುಮಾನಪಟ್ಟಳು. ಅವಳು ಕೆ.ಆರ್. ನಗರದ ನಾಲೆಯ ಊರಿನವಳು, ಭತ್ತ ಕಬ್ಬು ಕಂಡವಳು. “ಅತ್ತೆ, ಘಾಟು ತಡೀತದಾ ಅದು? ನಮ್ಕಡೆ ಬರೀ ಹುಲ್ಲು ಹಾಕ್ತಾರೆ.”

ಟ್ರೇ ತುಂಬುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. “ಹೊಗೆಸೊಪ್ಪಿನ ಮನೆಗೆ ಸೊಸೆಯಾಗಿ ಬಂದು ಘಾಟು ಅಂತಾವ್ಳೆ ನೋಡ್ರವ್ವ!”

ನಿಮ್ಮಪ್ಪನೂ ನಕ್ಕ. “ಅವ್ವ ಮಾಡಿರೋದು ಸರಿಯಾಗೇ ಅದೆ ಬುಡು,” ಎಂದ. ನಿಮ್ಮಮ್ಮ ಮತ್ತೆ ಸಸಿಗೆ ಕೈ ಹಾಕಿದಳು.

ಮಾರನೆಯ ದಿನ ಹೆಂಗಸರಿಗೆ ಬೇಗ ಬಡಿಸಿ ಮುಗಿಸಿದ್ದೆ. ನಿಮ್ಮಪ್ಪ ಗೊಬ್ಬರಕ್ಕೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದ. ನೀವಿಬ್ಬರೂ ಊಟ ಮಾಡಿ ಮಲಗಿದ್ದಿರಿ. ಮರಿಯನ್ನು ಎತ್ತಿಕೊಂಡು ಬ್ಯಾರನ್ನಿಗೆ ಹೋಗಿ ಮಂಕರಿಯಲ್ಲಿ ಬಿಟ್ಟು ಮಣೆಯ ಮೇಲೆ ಕೂತೆ.

ಬಂತು. ಎಷ್ಟೋ ದಿನದಿಂದ ಬಾರದೆ ನಿಂತಿದ್ದ ಕಥೆ ಆ ಮಧ್ಯಾಹ್ನ ತಾನಾಗಿ ಬಂತು. ಬಸ್ಸಿನ ಹುಡುಗಿ ಕಂಡಕ್ಟರಿನ ಹತ್ತಿರ ಮಾತು ತೆಗೆದಳು. ನಾನು ಹೇಳಿಸದೆಯೇ ಮಾತಾಡಿದಳು. ನನ್ನ ಕೈ ಅವಳ ಹಿಂದೆ ಓಡಬೇಕಾಯಿತು. ಹಾಳೆ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಮರಿಯ ಸದ್ದೇ ಇರಲಿಲ್ಲ. ಪಾಪ, ಇವತ್ತಾದರೂ ನೆಮ್ಮದಿಯಾಗಿ ಮಲಗಿದೆ ಎಂದುಕೊಂಡೆ.

ಬೆವರು ಒರೆಸಿಕೊಳ್ಳಲು ತಲೆಯೆತ್ತಿದಾಗ ಕಂಡೆ. ಗೋಣಿತಾಟು ಮಂಕರಿಯ ಹೊರಗೆ ಬಿದ್ದಿತ್ತು. ಹಲ್ಲು ಬರುತ್ತಿದ್ದ ಮರಿ ಕಡ್ಡಿಯನ್ನು ಕಡಿದು ಪುಡಿ ಮಾಡಿತ್ತು. ಬಾಯಲ್ಲಿ ನೊರೆ. ನಾಲ್ಕು ಕಾಲೂ ಬೇರೆ ಬೇರೆಯಾಗಿ ಅದುರುತ್ತಿದ್ದವು. ಎತ್ತಿಕೊಂಡೆ. ಕೂದಲಿನ ಒಳಗೆ ಆ ಮೈ ಎಷ್ಟು ಸಣ್ಣದೆಂದು ಆಗ ತಿಳಿಯಿತು.

ನಾನು ಕೂಗಿದ್ದು ನನಗೆ ನೆನಪಿಲ್ಲ. ಹೆಂಗಸರೆಲ್ಲ ಓಡಿ ಬಂದರು.

“ಹುಣಸೇಹಣ್ಣು ಕಿವುಚಿ ಕುಡ್ಸಿ ಅಮ್ಮಾವ್ರೆ!”

“ಉಪ್ಪುನೀರು ಹುಯ್ರಿ, ಕಕ್ಕಂತದೆ.”

“ಏನೂ ಹುಯ್ಬೇಡಿ, ಉಸಿರು ಕಟ್ಟಂತದೆ!” ಎಂದು ನಿಮ್ಮಮ್ಮ ಎಲ್ಲರನ್ನೂ ಸರಿಸಿದಳು. ಆಗಲೇ ಸ್ಕೂಟರಿನ ಕೀಲಿ ಅವಳ ಕೈಯಲ್ಲಿತ್ತು. “ಅತ್ತೆ, ಕೂತ್ಕೊಳಿ.”

ಗಲಾಟೆಗೆ ಎದ್ದು ಬಂದ ದೊಡ್ಡವಳೇ, ನೀನು ಚಪ್ಪಲಿಯನ್ನೂ ಹಾಕದೆ ನಡುವೆ ಹತ್ತಿ ಕೂತೆ. ಇಳಿ ಎಂದರೆ ಇಳಿಯಲಿಲ್ಲ. ಚಿಕ್ಕವನನ್ನು ಹೆಂಗಸರು ಹಿಡಿದುಕೊಂಡರು. ಅವನ ಅಳು ಊರ ಹೊರಗಿನವರೆಗೂ ಕೇಳಿಸುತ್ತಿತ್ತು. ಹುಣಸೂರಿನ ರಸ್ತೆಯಲ್ಲಿ ಕಾದ ಟಾರಿನ ಝಳ ಮುಖಕ್ಕೆ ಹೊಡೆಯುತ್ತಿತ್ತು. ನಾನು ಒಂದು ಕೈಯಲ್ಲಿ ನಿನ್ನ ಭುಜ, ಇನ್ನೊಂದರಲ್ಲಿ ಮಡಿಲಿನ ಮರಿಯನ್ನು ಹಿಡಿದಿದ್ದೆ. ಅದು ಅದುರುವುದು ನಿಂತರೆ ಸತ್ತಿತೆಂದು ಹೆದರಿಕೆ. ಅದುರಿದರೆ ಸಾಯುತ್ತದೆಂದು ಹೆದರಿಕೆ.

ದನದಾಸ್ಪತ್ರೆಯ ಜಗಲಿಯಲ್ಲಿ ಜನವಿತ್ತು. ಮೊದಲ ಸರದಿ ಮೇಕೆ ಹಿಡಿದು ನಿಂತಿದ್ದ ಪೇಟೆಯ ಒಬ್ಬ ಸಾಬರದು. ಅವರು ನಮ್ಮನ್ನು ನೋಡಿದವರೇ ಹಗ್ಗ ಎಳೆದುಕೊಂಡು ಪಕ್ಕಕ್ಕೆ ಸರಿದರು. “ಹೋಗಿ ಅಮ್ಮ, ಮೊದ್ಲು ನೀವು ಹೋಗಿ. ನಮ್ದುಕ್ಕೆ ಬರೀ ಹೊಟ್ಟೆ ಉಬ್ಬರ. ದಿನಾ ಇದೇ ನಾಟಕ ಮಾಡ್ತದೆ.”

ಡಾಕ್ಟರು ಹರೆಯದ ಹೆಣ್ಣುಮಗಳು. ಮರಿಯ ರೆಪ್ಪೆ ಬಿಡಿಸಿ ನೋಡಿ, “ಏನು ತಿಂತು?” ಎಂದರು.

“ನಮ್ಮತ್ತೆ ಜೊತೇಲಿತ್ತು,” ಎಂದಳು ನಿಮ್ಮಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ಹೊಸಬರ ಮುಂದೆ ನನಗೆ ಬಾಯಿ ಬರುವುದಿಲ್ಲ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಮೇಷ್ಟರು ಕೇಳಿದಾಗ ನೆಲ ನೋಡುತ್ತಿದ್ದವಳು ನಾನು. ಅಲ್ಲೂ ನೆಲ ನೋಡಿದೆ.

“ಹೇಳಿ ಅಮ್ಮ. ಗೊತ್ತಾಗ್ಲಿಲ್ಲ ಅಂದ್ರೆ ಏನು ಅಂತ ಔಷಧಿ ಕೊಡ್ಲಿ?”

“ಹೊಗೆಸೊಪ್ಪಿನ ಕಡ್ಡಿ,” ಎಂದೆ.

“ತಿಂದು ಎಷ್ಟು ಹೊತ್ತಾಯ್ತು?”

“ಗೊತ್ತಿಲ್ಲ.”

“ಅಲ್ಲೇ ಇದ್ರಲ್ಲ ನೀವು?”

“ಇದ್ದೆ. ಬರೀತಿದ್ದೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿದ್ದ ಸಾಬರು, “ಕೂಲಿ ಲೆಕ್ಕ ಬರೀತಿದ್ರೇನೋ,” ಎಂದು ನನ್ನ ಪರವಾಗಿ ಹೇಳಿದರು. ನಾನು ಹೂಂ ಎಂದುಬಿಡುತ್ತಿದ್ದೆ. ಅಷ್ಟರಲ್ಲಿ ದೊಡ್ಡವಳೇ, ನೀನು ಬಾಯಿ ಬಿಟ್ಟೆ. “ಕಥೆ. ನಮ್ಮಜ್ಜಿ ಕಥೆ ಬರೀತದೆ.”

ಮನೆಯಾಚೆ ಆ ಮಾತು ಹೋದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಡಾಕ್ಟರು ಸೂಜಿ ತೆಗೆಯುತ್ತಲೇ, “ಕೂತಾಗಿಂದ ಎಷ್ಟು ಬರೆದಿದ್ರಿ?” ಎಂದರು.

“ಮೂರು ಹಾಳೆ.”

“ಅಜ್ಜಿ ಒಂದು ಹಾಳೆ ಬರಿಯೋಕೆ ಅರ್ಧ ಗಂಟೆ ಬೇಕು ಡಾಕ್ಟ್ರೇ. ಒಂದೊಂದೇ ಅಕ್ಷರ ಗುಂಡಗೆ ಬರೀತದೆ,” ಎಂದೆ ನೀನು.

“ಹಂಗಾದ್ರೆ ವಾಂತಿ ಮಾಡಿಸೋ ಹೊತ್ತು ದಾಟಿದೆ,” ಎಂದರು ಡಾಕ್ಟರು. ಸೂಜಿ ಚುಚ್ಚಿ, ಮುಂಗಾಲಿನ ಕೂದಲು ಕತ್ತರಿಸಿ ಡ್ರಿಪ್ ಹಾಕಿದರು. ಕಿಟಕಿಯ ಸರಳಿಗೆ ಬಾಟಲಿ ಕಟ್ಟಿ, ಮರಿಯನ್ನು ನನ್ನ ತೊಡೆಯ ಮೇಲಿಟ್ಟು ನಮ್ಮನ್ನು ಜಗಲಿಯಲ್ಲಿ ಕೂರಿಸಿದರು. “ಒಂದ ಮಾಡಿದ್ರೆ ಬದುಕಿತು ಅಂದ್ಕೊಳಿ. ವಿಷ ಮೂತ್ರದಲ್ಲೇ ಹೋಗಬೇಕು. ಮಾಡ್ಲಿಲ್ಲ ಅಂದ್ರೆ ನನ್ ಕೈಲಿ ಏನೂ ಇಲ್ಲ.”

ಕೂತೆವು. ಹನಿ ಇಳಿಯುತ್ತಿತ್ತು. ಹಿಂದಿನ ದಿನ ನಕ್ಕವರ ಮೇಲೆ ನಿಮ್ಮಮ್ಮ ಒಂದು ಮಾತು ಅನ್ನಬಹುದಿತ್ತು. ಸೆರಗಿನಿಂದ ಮರಿಗೆ ಗಾಳಿ ಹಾಕುತ್ತಿದ್ದಳು. ನೀನು ನನ್ನ ಪಕ್ಕದಿಂದ ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತೆ. ಬಿಸಿಲಿಗೆ ಬಂದ ಜಾಗವೆಂದು ಎದ್ದೆಯೋ, ನನ್ನ ಮೇಲಿನ ಕೋಪಕ್ಕೆ ಎದ್ದೆಯೋ ಇವತ್ತಿಗೂ ಗೊತ್ತಿಲ್ಲ. ಆಗ ನಾನು ಕೋಪವೆಂದೇ ತಿಳಿದೆ.

ಬಾಟಲಿ ಅರ್ಧಕ್ಕೆ ಬಂದರೂ ಮರಿ ಕಣ್ಣು ತೆರೆಯಲಿಲ್ಲ. ನನ್ನ ಸೀರೆ ಇನ್ನೂ ಒದ್ದೆಯಾಗಿರಲಿಲ್ಲ. ಕೈಗೆ ಹತ್ತಿದ್ದ ಇಂಕು ಬೆವರಿಗೆ ಕರಗಿ ಮರಿಯ ಬಿಳಿ ಕೂದಲಿಗೆ ಬಳಿದಿತ್ತು. ನನ್ನ ಬದುಕಿನಲ್ಲಿ ಬರವಣಿಗೆ ತಾನಾಗಿ ಹರಿದು ಬಂದದ್ದು ಒಂದೇ ಮಧ್ಯಾಹ್ನ. ಆ ಹೊತ್ತಿನಲ್ಲೇ ಒಂದು ಅಡಿ ಆಚೆ ಇದು ವಿಷ ತಿನ್ನುತ್ತಿತ್ತು. ಅದರ ಬದಲು ಬಾವಿಕಟ್ಟೆ ಹತ್ತುವ ಚಿಕ್ಕವನು ಇದ್ದಿದ್ದರೆ? ಆ ಯೋಚನೆ ಬಂದ ಮೇಲೆ ನನಗೆ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಯಾರಿಗೂ ಕಾಣದಂತೆ ಸೆರಗಿನ ತುದಿಗೆ ಒಂದು ಹರಕೆಯ ಗಂಟು ಹಾಕಿದೆ. ಊರ ಮಾರಮ್ಮನನ್ನು ನೆನೆದೆ. ‘ತಾಯಿ, ಇದನ್ನ ಉಳಿಸು. ಇನ್ನು ಕಥೆ ಬರೆಯೋದು ಬುಟ್ಟೆ.’

ಸಾಬರ ಮೇಕೆಯ ಹೊಟ್ಟೆ ಇಳಿದು ಅವರು ಹೊರಟರು. ಹೋಗುವಾಗ ಮರಿಯ ತಲೆ ಮುಟ್ಟಿ, “ಬದುಕ್ತದೆ ಅಮ್ಮ,” ಎಂದರು. ಹಸುಗಳು ಬಂದವು, ಹೋದವು. ಬಾಟಲಿಯ ತಳ ಕಾಣುವ ಹೊತ್ತಿಗೆ ತೊಡೆ ಬೆಚ್ಚಗಾಯಿತು. ಮೊದಲು ಬಿಸಿಲೆಂದುಕೊಂಡೆ. ಆಮೇಲೆ ಸೀರೆ ತೊಯ್ದು, ಒಳಲಂಗ ತೊಯ್ದು, ಕಲ್ಲಿನ ಮೇಲೆ ಹರಿಯಿತು.

“ಉಚ್ಚೆ ಹುಯ್ತು!” ಎಂದು ನೀನು ಆಸ್ಪತ್ರೆಗೆಲ್ಲ ಕೇಳುವಂತೆ ಕಿರುಚಿದೆ. “ಅಮ್ಮಾ, ಅಜ್ಜಿ ಮೇಲೆ ಉಚ್ಚೆ ಹುಯ್ತು!”

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಡಾಕ್ಟರೂ ಒಳಗಿಂದ ಬಂದು ನಕ್ಕರು. ನಿಮ್ಮಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಷ್ಟು ಜನರ ಮುಂದೆ ಒದ್ದೆ ಸೀರೆಯಲ್ಲಿ ಕೂತು ನಾನು ಗಟ್ಟಿಯಾಗಿ ಅತ್ತೆ. ಮರಿ ಉಳಿಯಿತೆಂದು ಅತ್ತೆನೆಂದೇ ಎಲ್ಲರೂ ತಿಳಿದರು. ಅದೂ ನಿಜ. ಆದರೆ ಆ ಬೆಚ್ಚಗಿನ ನೀರು ಹರಿದ ಗಳಿಗೆಯಲ್ಲೇ ತಾಯಿ ನನ್ನ ಮಾತು ಹಿಡಿದುಕೊಂಡಳು ಎಂದೂ ನನಗೆ ಗೊತ್ತಾಗಿತ್ತು.

ಕಥೆ ಯಾಕೆ ನಿಲ್ಲಿಸಿದೆ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಕಣ್ಣು ಕಾಣುವುದಿಲ್ಲ ಎಂದಿದ್ದೇನೆ. ಇದನ್ನು ಬರೆಯುತ್ತಿರುವುದು ಕಣ್ಣು ಕಾಣುವುದರಿಂದಲೇ. ಇದು ಕಥೆಯಲ್ಲ, ನಡೆದದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬರೆದಿದ್ದೇನೆ. ಕಾಯಿ ಒಡೆಸಿ, ತಪ್ಪುಗಾಣಿಕೆ ಹಾಕಿ ಹರಕೆ ಬಿಡಿಸಿಕೊಂಡವರು ಊರಲ್ಲಿ ಇದ್ದಾರೆ. ನಾನೂ ಎರಡು ಸಲ ಗುಡಿಯವರೆಗೆ ಹೋದೆ. ಪೂಜಾರಿ ‘ಏನಮ್ಮ’ ಎಂದ ಕೂಡಲೇ ಕುಂಕುಮ ತೆಗೆದುಕೊಂಡು ಹಿಂದಿರುಗಿದೆ. ನೀವಿಬ್ಬರೂ ನನ್ನ ಹಾಗಲ್ಲ, ಯಾರ ಮುಂದೆಯೂ ಬಾಯಿ ಬಿಟ್ಟು ಕೇಳಬಲ್ಲಿರಿ. ಮುಂದಿನ ಸಲ ಗುಡಿಗೆ ಹೋದಾಗ, ಈ ಹರಕೆ ಬಿಡಿಸಬಹುದೇ ಎಂದು ನನ್ನ ಪರವಾಗಿ ಒಂದು ಮಾತು ಕೇಳಿ.