ಬಾನೆಟ್ಟಿನ ಮೇಲಿನ ಮೂರು ಬೆರಳು

ಹೋದ ಭಾನುವಾರ ಶ್ರೀರಾಂಪುರದ ಮೊಮ್ಮಗನ ಮನೆಯಲ್ಲಿದ್ದೆ. ಅವನು ಹೊಸ ಕಾರನ್ನು ಗೇಟಿನ ಮುಂದೆ ನಿಲ್ಲಿಸಿ, ಮೆಟ್ಟಿಲ ಮೇಲೆ ಮೂರು ಡಬ್ಬಿ ಜೋಡಿಸಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ. ಒಂದು ಪಾಲಿಶ್, ಒಂದು ಮೇಣ, ಇನ್ನೊಂದು ಸೀಲೆಂಟ್ ಅಂತೆ. ಅದನ್ನು ಬಳಿದರೆ ತಿಂಗಳುಗಟ್ಟಲೆ ಕಾರಿನ ಬಣ್ಣದ ಚಿಂತೆಯೇ ಇಲ್ಲವಂತೆ. ಹೆಂಡತಿಯನ್ನು ಒಪ್ಪಿಕೊಳ್ಳುವಾಗಲೂ ಈ ಹುಡುಗ ಇಷ್ಟು ಯೋಚನೆ ಮಾಡಿರಲಿಲ್ಲ. ಕೊನೆಗೆ ಮೇಣದ ಡಬ್ಬಿಯ ಮುಚ್ಚಳ ತಿರುಗಿಸಿದ. ಜೇನುಮೇಣ, ಅದರ ಹಿಂದೆಯೇ ಟರ್ಪೆಂಟೈನು... ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟೆ. ಆ ವಾಸನೆ ನನ್ನ ಮೂಗಿಗೆ ಬಿದ್ದು ಒಂದು ಕಾಲವೇ ಆಗಿತ್ತು.

ಲಷ್ಕರ್ ಮೊಹಲ್ಲಾದ ವಠಾರಕ್ಕೆ ನಾನು ಮದುಮಗಳಾಗಿ ಬಂದಿಳಿದದ್ದೇ ಎದುರುಮನೆ ಅಣ್ಣನ ಕಾರಿನಿಂದ. ಅವರು ಮೊದಲು ಯಾವುದೋ ಬಂಗಲೆಯಲ್ಲಿ ಡ್ರೈವರಾಗಿದ್ದವರು. ಯಜಮಾನರು ಹೊಸ ಕಾರು ಕೊಂಡಾಗ ಹಳೆಯ ಕರಿ ಕಾರನ್ನು ತಾವೇ ಕೊಂಡುಕೊಂಡು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಊರಲ್ಲಿ ಆಗ ಕಾರುಗಳೇ ಕಡಿಮೆ. ಆದರೂ ಜನ ಅಣ್ಣನ ಕಾರನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಅದರ ಹೊಳಪಿಗೆ. ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ನಾನೇ ತೆಗೆದಿದ್ದೇನೆ, ಅಣ್ಣನಿಂದ ಬೈಸಿಕೊಂಡೂ ಇದ್ದೇನೆ.

ಅವರ ಹತ್ತಿರ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಉಜ್ಜುವ ಪಾಲಿಶು, ನೋಡಲು ಕಲಸಿದ ಕೆಮ್ಮಣ್ಣಿನ ಹಾಗೆ. ಇನ್ನೊಂದರಲ್ಲಿ ಮೇಣ. ಫಾರಿನ್ ಮೇಣ ಅಂಗಡಿಗೆ ಬರುವುದು ನಿಂತ ಮೇಲೆ ಅಣ್ಣ ಮಾರ್ಕೆಟ್ಟಿನಿಂದ ಜೇನುಮೇಣ ತಂದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಟರ್ಪೆಂಟೈನ್ ಬೆರೆಸಿ ತಾವೇ ಮಾಡಿಕೊಳ್ಳುತ್ತಿದ್ದರು. ವಠಾರವೆಲ್ಲ ನಾರುತ್ತಿತ್ತು. ನಾನು ಮೂಗು ಮುಚ್ಚಿಕೊಂಡರೆ ನಗುತ್ತಿದ್ದರು.

“ಪಾಲಿಶು ಬಣ್ಣ ತಿನ್ನೋದು ಕಣಮ್ಮ, ಮೇಣ ಬಣ್ಣ ಕಾಯೋದು. ಜನಕ್ಕೆ ಮಿರಮಿರ ಅನ್ಬೇಕಲ್ಲ, ಅದ್ಕೇ ಒಸಿ ತಿನ್ನುಸ್ತೀನಿ, ಆಮೇಲೆ ಕಾಯುಸ್ತೀನಿ.”

ಅವರಿಗೆ ಆಗದಿದ್ದದ್ದು ಒಂದೇ, ಆರತಿ. ಮದುವೆಯ ಕಾರು ಗಂಡಿನ ಮನೆ ಮುಂದೆ ನಿಂತೊಡನೆ ಹೆಂಗಸರು ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆ ಹಿಡಿದು ಬರುತ್ತಾರೆ. ಗಂಡು ಹೆಣ್ಣಿಗೆ ಎತ್ತಿ, ಹಣೆಗಿಟ್ಟು, ಅದೇ ಕೈಯಲ್ಲಿ ಕಾರಿಗೂ ಒಂದು ಬೊಟ್ಟು. ಸುಣ್ಣ ಬಣ್ಣವನ್ನು ಸುಡುತ್ತದೆ ಎಂದು ಅಣ್ಣನಿಗೆ ಜೀವ ಹಿಡಿಯಷ್ಟಾಗುತ್ತಿತ್ತು. ಒದ್ದೆ ಬಟ್ಟೆ ಹಿಡಿದು ಕಾದಿದ್ದು, ಮದುಮಕ್ಕಳು ಹೊಸ್ತಿಲು ದಾಟುವುದರೊಳಗೆ ಒರೆಸಿಬಿಡುತ್ತಿದ್ದರು. ಮೇಣವಿದ್ದ ಬಾನೆಟ್ಟಿನಿಂದ ಅದು ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಹೋಗುತ್ತಿತ್ತು.

ಅಣ್ಣನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ನನಗೆ ಒಲೆ ಹಚ್ಚುವುದರಿಂದ ಹಿಡಿದು ಅತ್ತೆಯ ಮುಂದೆ ಬಾಯಿ ಮುಚ್ಚಿಕೊಂಡಿರುವುದರವರೆಗೆ ಎಲ್ಲ ಕಲಿಸಿದವರು ಅವರೇ. ಎರಡನೆಯದನ್ನು ನಾನು ಸರಿಯಾಗಿ ಕಲಿಯಲಿಲ್ಲ. ಅವರಿಗೆ ಒಬ್ಬಳೇ ಮಗಳು, ಇನ್ನೂ ಲಂಗ ಉಡುವ ವಯಸ್ಸು. ಒಂದು ಮಳೆಗಾಲದಲ್ಲಿ ಅತ್ತಿಗೆಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಕ್ಷಯ ಎಂದರು ಡಾಕ್ಟರು. ಟರ್ಪೆಂಟೈನ್ ವಾಸನೆಗೆ ಕೆಮ್ಮು ಕೆರಳುತ್ತದೆಂದು ಅಣ್ಣ ಮೇಣ ಕಾಯಿಸುವುದನ್ನೇ ಬಿಟ್ಟರು. ದಸರಾ ಮುಗಿಸಿಕೊಂಡು ಸ್ಯಾನಿಟೋರಿಯಂಗೆ ಸೇರಿಸುವುದೆಂದು ಮಾತಾಯಿತು.

ಆಯುಧಪೂಜೆಯ ದಿನ ಅಣ್ಣ ಬೆಳಗಿನಿಂದ ಕಾರನ್ನು ಪಾಲಿಶಿನಲ್ಲಿ ಉಜ್ಜಿ ಉಜ್ಜಿ ಹೊಳೆಯಿಸಿದ್ದರು. ಮೇಲೆ ಬಳಿಯಲು ಮೇಣವಿರಲಿಲ್ಲ. ಮೂರು ವಾರದಿಂದ ಹಾಸಿಗೆ ಬಿಟ್ಟೇಳದ ಅತ್ತಿಗೆ ಅವತ್ತು ಎದ್ದು, ಮಿಂದು, ಮದುವೆಯ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ತಟ್ಟೆ ಬೀಳದಂತೆ ನಾನು ಮೊಣಕೈ ಹಿಡಿದುಕೊಂಡೆ.

“ಇವತ್ತೊಂದಿನ ಬ್ಯಾಡ ಅನ್ಬೇಡಿ ಕಣ್ರೀ,” ಎಂದರು ಗಂಡನಿಗೆ. “ಮಗ್ಳು ಇದೇ ಕಾರಲ್ಲೇ ಗಂಡನ್ ಮನೆಗ್ ಹೋಗ್ಬೇಕು. ಅವತ್ತಿಗೆ ನಾನಿರ್ತೀನೋ ಇಲ್ವೋ. ಅವಳ ಆರತಿನ ಈಗ್ಲೇ ಮಾಡ್ಬುಡ್ತೀನಿ.”

ಮೂರು ಬೆರಳು ಅದ್ದಿ ಬಾನೆಟ್ಟಿನ ನಡುವೆ ಒತ್ತಿದರು. ಅಲ್ಲೇ ಕುಸಿದರು. ಅಣ್ಣ ಅವರನ್ನು ಎತ್ತಿಕೊಂಡು ಒಳಗೆ ಓಡಿದರು. ಒದ್ದೆ ಬಟ್ಟೆ ಯಾರಿಗೆ ನೆನಪಾಗುತ್ತದೆ... ಮಾರನೆಯ ದಿನ ಊರೆಲ್ಲ ಜಂಬೂಸವಾರಿ ನೋಡಲು ಹೋಗುತ್ತಿದ್ದರೆ ಆ ಕಾರು ಜನಸಂದಣಿಯನ್ನು ಸೀಳಿಕೊಂಡು ಸ್ಯಾನಿಟೋರಿಯಮ್ಮಿನ ಕಡೆ ಹೋಯಿತು. ಸಂಕ್ರಾಂತಿಗೆ ಅತ್ತಿಗೆ ಇರಲಿಲ್ಲ.

ಮೂರು ಬೆರಳಿನ ಗುರುತು ಬಣ್ಣಕ್ಕಿಳಿದು ಕಂದುಗೆಂಪಾಗಿ ಉಳಿಯಿತು. ಅತ್ತಿಗೆಯದೊಂದು ಫೋಟೋ ಸಹ ಯಾರೂ ತೆಗೆಸಿರಲಿಲ್ಲ. ಅವರದೆಂದು ಇದ್ದದ್ದು ಅದೊಂದೇ. ಅಣ್ಣ ಮತ್ತೆ ಮೇಣ ಕಾಯಿಸಿದರು, ಗುರುತಿನ ಮೇಲೆ ಮೆಲ್ಲಗೆ ಬಳಿದರು. ಪಾಲಿಶಿನ ಡಬ್ಬಿಯನ್ನು ಅಟ್ಟಕ್ಕೆ ಎಸೆದರು. ವರ್ಷದಿಂದ ವರ್ಷಕ್ಕೆ ಕಾರು ಮಂಕಾಯಿತು. ಮದುವೆಯವರು ಬಂದು, ಆ ಕಲೆಯನ್ನು ನೋಡಿ, ಉಜ್ಜಿಸಿ ತನ್ನಿ ಎನ್ನುತ್ತಿದ್ದರು. ಅಣ್ಣ ದಪ್ಪ ಹೂವಿನ ಹಾರ ಹಾಕಿ ಮುಚ್ಚುತ್ತಿದ್ದರು. ಕೆಲವರು ಒಪ್ಪಿದರು, ಬಹಳ ಜನ ಬೇರೆ ಕಾರು ನೋಡಿಕೊಂಡರು.

ಮಗಳಿಗೆ ಒಂಟಿಕೊಪ್ಪಲಿನ ಕಡೆ ಒಳ್ಳೆಯ ಸಂಬಂಧವೇ ಬಂತು. ಲಗ್ನಕ್ಕೆ ಎರಡು ದಿನವಿರುವಾಗ ಗಂಡಿನ ಸೋದರಮಾವ ಬಂದು ಕಾರಿನ ಮುಂದೆ ನಿಂತರು. ಬೀದಿಯವರು ಕಥೆಯನ್ನು ಅವರ ಕಿವಿಗೆ ಹಾಕಿಯಾಗಿತ್ತು.

“ಸತ್ತೋರ ಕೈ ಗುರುತು ಹೊತ್ಕಂಡಿರೋ ಕಾರಲ್ಲಿ ಹೊಸ ಸೊಸೆನ ಕರ್ಕೊಂಡ್ ಹೋಗಕಾಯ್ತದಾ? ಅದನ್ನ ತೆಗೆಸ್ಬುಡಿ. ಇಲ್ಲಾಂದ್ರೆ ನಾವೇ ಬೇರೆ ಕಾರು ತರ್ತೀವಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಗುರುತು ಉಳಿದರೆ ಮಗಳು ಆ ಕಾರು ಹತ್ತುವಂತಿಲ್ಲ. ಮಗಳು ಆ ಕಾರಿನಲ್ಲೇ ಹೋಗಲಿ ಎಂದೇ ಅತ್ತಿಗೆ ಆ ಗುರುತು ಇಟ್ಟದ್ದು.

ಸಂಜೆ ಅಟ್ಟದಿಂದ ಡಬ್ಬಿ ಇಳಿಸಿದರು. ಪಾಲಿಶು ಒಣಗಿ ಹೆಂಟೆಯಾಗಿತ್ತು. ಸೀಮೆಎಣ್ಣೆ ಹಾಕಿ ಮಿದುಮಾಡಿ, ಬಟ್ಟೆಗೆ ಹಚ್ಚಿ ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಹಳ ಹೊತ್ತು ಕೈ ಅಲ್ಲಾಡಲಿಲ್ಲ. ಆಮೇಲೆ ಉಜ್ಜಿದರು. ಅಷ್ಟು ವರ್ಷ ಉಳಿದದ್ದು ಒಂದು ಬಿಂದಿಗೆ ನೀರು ತುಂಬುವಷ್ಟು ಹೊತ್ತಿನಲ್ಲಿ ಹೋಯಿತು.

“ಇಷ್ಟೇನಾ...” ಎಂದರು ಬಟ್ಟೆ ನೋಡುತ್ತಾ. ಆಮೇಲೆ ಮೇಣ ಬಳಿದರು.

ತಾಯಿಯಿಲ್ಲದ ಹುಡುಗಿಯೆಂದು ಅವಳ ಜೊತೆಗೆ ನಾನೇ ಹೋದೆ. ಗಂಡಿನ ಮನೆಯಲ್ಲಿ ಹೆಂಗಸರು ಆರತಿ ಎತ್ತಿ, ಬಾನೆಟ್ಟಿನ ನಡುವೆ, ಸರಿಯಾಗಿ ಅಲ್ಲೇ, ಬೊಟ್ಟಿಟ್ಟರು. ಅಣ್ಣನ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಅವರು ಒರೆಸಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಾರನ್ನು ಹಾಗೇ ಬಿಟ್ಟರು. ಮಗಳನ್ನು ಒಪ್ಪಿಸಿ, ಕತ್ತಲಾಗುವ ಮುಂಚೆ ವಠಾರಕ್ಕೆ ಬಂದಿಳಿದಾಗ ಬಗ್ಗಿ ಆ ಬೊಟ್ಟನ್ನು ಬೆರಳ ತುದಿಯಿಂದ ಮುಟ್ಟಿದರು. ಅದು ಸಿಪ್ಪೆಯಂತೆ ಕಳಚಿ ಬಿತ್ತು. ಕೆಳಗೆ ಬಣ್ಣ ಕರ್ರಗೆ, ಚೊಕ್ಕವಾಗಿ ಹೊಳೆಯುತ್ತಿತ್ತು.

“ಮೇಣ ಚೆನ್ನಾಗಿ ಹಿಡ್ಕಂಡದೆ ಕಣಮ್ಮ,” ಎಂದರು. ಫುಟ್‌ಬೋರ್ಡಿನ ಮೇಲೆ ಕುಳಿತು, ಅತ್ತಿಗೆ ಸತ್ತ ದಿನವೂ ಅಳದಿದ್ದವರು, ಅತ್ತರು. ನನಗೂ ತಡೆಯಲಾಗಲಿಲ್ಲ.

ಆ ವರ್ಷವೇ ಕಾರು ಮಾರಿ ಬೋಗಾದಿಗೆ, ತಮ್ಮನ ಹೊಲದ ಮನೆಗೆ ಹೋದರು. ಬೋಗಾದಿ ಆಗ ಹಳ್ಳಿ. ಅವರು ತೀರಿಕೊಂಡ ಸುದ್ದಿ ನನಗೆ ತಿಥಿ ಕಳೆದ ಮೇಲೆ ಸಿಕ್ಕಿತು. ಮಗಳೂ ಈಗಿಲ್ಲ.

“ಅಜ್ಜೀ, ಪಾಲಿಶ್ ಹಾಕ್ಲೋ, ಮೇಣ ಹಾಕ್ಲೋ? ಹೇಳಿ,” ಎಂದ ಮೊಮ್ಮಗ.

“ಅಳಿಸ್ಬಾರ್ದು ಅನ್ನೋಂಥದ್ದು ಏನಾದ್ರೂ ಇದೆಯೇನೋ ಮೊದ್ಲು ನೋಡ್ಕೊಳ್ಳೋ.”

ಅವನು ನಕ್ಕ. “ಹೊಸ ಕಾರಲ್ವಾ ಅಜ್ಜಿ, ಏನಿರತ್ತೆ?”

ಎದ್ದು ಹೋಗಿ ಬಾನೆಟ್ಟಿನ ನಡುವೆ ಮೂರು ಬೆರಳು ಇಟ್ಟು ನೋಡಿದೆ. ತಣ್ಣಗಿತ್ತು. ಆ ಗುರುತು ಇಲ್ಲಿತ್ತು ಎಂದು ತೋರಿಸಬಲ್ಲವರಲ್ಲಿ ಉಳಿದಿರುವವಳು ಈಗ ನಾನೊಬ್ಬಳೇ.