ಓದಿದ ಮೇಲೆ ಕತ್ತರಿ

ಮನಗೂಳಿಯ ಹಳೆಯ ಚಾವಡಿಯಲ್ಲಿ ಮಧ್ಯಾಹ್ನದ ರೊಟ್ಟಿ ಉಂಡ ಮೇಲೆ ಹೆಂಗಸರ ವರ್ಗ ಸೇರುತ್ತಿದ್ದ ಕಾಲವದು. ಬ್ಲಾಕ್ ಆಫೀಸಿನವರು ಅದನ್ನು ಹೊಸದಾಗಿ ಶುರು ಮಾಡಿದ್ದರು. ಮೊದಲ ತಾಸು ಅಕ್ಷರ, ಆಮೇಲೆ ಎರಡು ತಾಸು ಹೊಲಿಗೆ. ಎರಡನ್ನೂ ಕಲಿಸುತ್ತಿದ್ದವರು ಗ್ರಾಮಸೇವಕಿ ಕಸ್ತೂರೆವ್ವ. ಎಲ್ಲರ ಬಾಯಲ್ಲಿ ಅವರು ಅಕ್ಕಾರು.

ಜೈತುನಬಿ ಅಲ್ಲಿಗೆ ಸೇರಿದಾಗ ಮೂವತ್ತೆರಡರ ವಿಧವೆ. ಅಣ್ಣನ ಮನೆಯಲ್ಲಿದ್ದು ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಹೊಲಿಗೆ ಪರೀಕ್ಷೆ ಪಾಸಾದರೆ ದೇವರ ಹಿಪ್ಪರಗಿಯ ವರ್ಗಕ್ಕೆ ಅವಳನ್ನೇ ಶಿಕ್ಷಕಿಯಾಗಿ ಕಳಿಸುವುದಾಗಿ ಅಕ್ಕಾರು ಹೇಳಿದ್ದರು. ತನ್ನದೇ ಒಂದು ಕೋಣೆ, ಒಂದು ಮಷೀನು. ವರ್ಷವಿಡೀ ಅವಳು ಅದನ್ನೇ ನೆನೆಯುತ್ತ ದಾರ ಪೋಣಿಸಿದಳು.

ಕುಬಸವನ್ನು ಮೊದಲು ಕಾಗದದಲ್ಲಿ ಕತ್ತರಿಸಿ ಆಮೇಲೆ ಬಟ್ಟೆಗೆ ಕೈ ಹಾಕಬೇಕು. ವರ್ಗದಲ್ಲಿ ಅದಕ್ಕೆ ಸಿಮೆಂಟ್ ಚೀಲದ ಕಾಗದವಿತ್ತು. ಅರವತ್ತೊಂದರ ಮಾರ್ಚಿನಲ್ಲಿ ಪರೀಕ್ಷೆ ನಡೆಸಲು ವಿಜಾಪುರದಿಂದ ಬಂದ ಅಪ್ಪಾಸಾಬರು ಹಳೆಯ ಪತ್ರಿಕೆಯ ಹಾಳೆಗಳನ್ನು ಹಂಚಿದರು.

ಅಕ್ಷರವಿದ್ದ ಕಾಗದ ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವುದು ಜೈತುನಬಿಗೆ ಚಿಕ್ಕಂದಿನ ರೂಢಿ. ಆಗ ಓದಲು ಬರುತ್ತಿರಲಿಲ್ಲ. ಈಗ ಬರುತ್ತಿತ್ತು.

“ಯಾಕ ಜೈತುನಕ್ಕಾ, ಕತ್ತರಿಗೆ ನಿದ್ದಿ ಬಂದೈತೇನು?” ಪಕ್ಕದ ಶಂಕ್ರೆವ್ವ ಕೆಣಕಿದಳು.

“ತಡಿಯವ್ವಾ. ಇಂಡಿ ಸ್ಟೇಶನ್ನಿನಾಗ ಒಂದು ಕೂಸು ಸಿಕ್ಕೈತಂತ. ಕುಬಸದ ಕೊರಳು ಬರೋಬ್ಬರಿ ಆ ಸುದ್ದಿ ಮ್ಯಾಲೇ ಬರ್ತೈತಿ.”

ಅಪ್ಪಾಸಾಬರು ಬಂದು ನಿಂತರು. “ಗೆರಿ ಹಾಕಿದ್ರೇನ್ರಿ ಬಾಯಾರ?”

“ಓದಿ ಕತ್ತರಸ್ತೇನ್ರಿ ಸಾಹೇಬ್ರ.”

“ಇದು ಹೊಲಿಗಿ ಪರೀಕ್ಷಾರಿ!”

“ಹೌದ್ರಿ. ಆದ್ರ ಕತ್ತರಿಸಿದ ಮ್ಯಾಲೆ ಓದಾಕ ಬರಂಗಿಲ್ಲಲ್ರಿ.”

ಅವಳು ಬೆರಳಿಟ್ಟು ಜೋರಾಗಿ ಓದತೊಡಗಿದಳು. ಮೂರು ವರ್ಷದ ಹೆಣ್ಣು ಕೂಸು. ಕೆಂಪು ಲಂಗ. ತನ್ನ ಊರಿನ ಹೆಸರು ಹೇಳಲು ಅದಕ್ಕೆ ಬರುತ್ತಿಲ್ಲ. ಉಳಿದವರ ಕತ್ತರಿಗಳೂ ಒಂದೊಂದಾಗಿ ನಿಂತವು.

“ಅವರವ್ವ ಬಂದ್ಲೇನು?” ಶಂಕ್ರೆವ್ವ ಕೇಳಿದಳು.

“ಮುಂದಿಂದು ಇನ್ನೊಂದು ಹಾಳ್ಯಾಗ ಐತಂತ.”

ಅಪ್ಪಾಸಾಬರೇ ಬಗ್ಗಿ ಹುಡುಕಿದರು. ಆ ಹಾಳೆ ಆಗಲೇ ಶಂಕ್ರೆವ್ವನ ಕುಬಸದ ಎರಡು ತೋಳುಗಳಾಗಿತ್ತು. ಜೋಡಿಸಿ ನೋಡಿದರೆ ಕೂಸಿನ ಸುದ್ದಿಯಿದ್ದ ನಡುವಿನ ನಾಲ್ಕು ಸಾಲೇ ಇರಲಿಲ್ಲ. ಅಷ್ಟರಲ್ಲಿ ವೇಳೆ ಮುಗಿಯಿತು. ಜೈತುನಬಿಯ ಹಾಳೆಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

“ಹುಚ್ಚಿ, ನಿನಗ ಅಕ್ಷರ ಕಲಿಸಿ ನಾನಽ ತಪ್ಪು ಮಾಡಿದೆ ನೋಡು,” ಎಂದು ಬೈಯುತ್ತ ಅಕ್ಕಾರು ಕಣ್ಣೊರೆಸಿಕೊಂಡರು.

ನಪಾಸಾದ ಜೈತುನಬಿ ಮತ್ತೆ ಒಂದು ವರ್ಷ ಕಳೆ ತೆಗೆದಳು. ಮುಂದಿನ ಮಾರ್ಚಿನಲ್ಲಿ ಪರೀಕ್ಷೆಯ ಗಂಟೆಗಿಂತ ಒಂದು ತಾಸು ಮೊದಲೇ ಚಾವಡಿಗೆ ಹೋಗಿ ತನ್ನ ಹಾಳೆ ಕೇಳಿದಳು. ಅಪ್ಪಾಸಾಬರು ಗುರುತು ಹಿಡಿದು ನಕ್ಕರು.

“ಇದರಾಗ ಕೂಸಿಲ್ರಿ. ಬರೇ ಮಳಿ ಸುದ್ದಿ ಐತಿ. ನಿವಾಂತ ಓದ್ರಿ.”

ಆ ಸಲ ಅವಳ ಕುಬಸವೇ ಎಲ್ಲಕ್ಕಿಂತ ಚೆಂದವಾಗಿತ್ತು.

ದೇವರ ಹಿಪ್ಪರಗಿಯ ಕೋಣೆ ಸಣ್ಣದು, ಮಷೀನು ತುಸು ಕಿರುಗುಟ್ಟುತ್ತಿತ್ತು. ಈಗ ಅವಳೂ ಅಕ್ಕಾರು. ಅವಳ ವರ್ಗದಲ್ಲಿ ಒಂದೇ ಕಟ್ಟುನಿಟ್ಟು: ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದಿ ಮುಗಿಸದೆ ಕತ್ತರಿ ಮುಟ್ಟುವಂತಿಲ್ಲ. ಹೊಲಿಗೆಗೆಂದು ಬಂದವರು ಹೀಗೆ ಓದುವುದನ್ನೂ ಕಲಿತರು. ಕೂಸಿನ ಸುದ್ದಿಯಿದ್ದ ಮೊದಲ ಪರೀಕ್ಷೆಯ ಹಾಳೆ ಮಾತ್ರ ಅವಳ ಪೆಟ್ಟಿಗೆಯ ತಳದಲ್ಲಿ ಮಡಚಿದಂತೆಯೇ ಇತ್ತು.

ಎಷ್ಟೋ ವರ್ಷಗಳ ಮೇಲೆ ನೆಂಟರ ಮದುವೆಗೆಂದು ಇಂಡಿ ಸ್ಟೇಶನ್ನಿನಲ್ಲಿ ಇಳಿದಾಗ, ಅಲ್ಲಿನ ಹಳೆಯ ಹಮಾಲ ಮೋದಿನಸಾಬನನ್ನು ಆ ಕೂಸಿನ ಬಗ್ಗೆ ಕೇಳಿಯೇಬಿಟ್ಟಳು.

“ಕೆಂಪು ಲಂಗದ್ದೇನಬೇ?” ಮುದುಕ ತಲೆ ಕೆರೆದುಕೊಂಡ. “ಮೂರನೇ ದಿನಕ್ಕ ಅವರವ್ವ ಬಂದಿದ್ಲು. ಕೂಸು ನನ್ನ ಹೆಗಲ ಮ್ಯಾಲಿಂದ ಇಳೀಲಾರದಽ ಅತ್ತು ಅತ್ತು…”

ಊರಿಗೆ ಬಂದ ಮರುದಿನ ಜೈತುನಬಿ ವರ್ಗದ ನಡುವೆ ಆ ಹಳದಿ ಹಾಳೆ ಬಿಡಿಸಿದಳು. ಒಮ್ಮೆ ಜೋರಾಗಿ ಓದಿದಳು. ಆ ಹಾಳೆಯಲ್ಲಿ ಇಲ್ಲದ ಕೊನೆಯನ್ನು, ಕೂಸಿನ ಅವ್ವ ಬಂದದ್ದನ್ನು, ಬಾಯಿಂದಲೇ ಹೇಳಿದಳು. ಆಮೇಲೆ ಟೇಪು ಹಿಡಿದು, ಗೆರೆ ಹಾಕಿ, ಕೊರಳು ಎಲ್ಲಿ ಬರಬೇಕೋ ಅಲ್ಲಿಯೇ ಕತ್ತರಿ ಇಟ್ಟಳು.