ಬೀಗರ ಟೀವಿಯ ಮೇಲೆ ಬಿದ್ದ ಅಚ್ಚು

ಹರಿಹರದಲ್ಲಿ ಅಕ್ಕನ ಗಂಡನ ಮನೆಯ ತಾರಸಿ ಸೋರತೊಡಗಿತ್ತು. ಅದನ್ನು ಕಿತ್ತು ಹೊಸದಾಗಿ ಹಾಕಿಸುವ ಕೆಲಸ ಶುರುವಾದಾಗ, ಸಿಮೆಂಟಿನ ದೂಳಿಗೆ ಕೆಡಬಾರದೆಂದು ಅವರ ಹೊಸ ಕಲರ್ ಟೀವಿಯನ್ನು ಕೌದಿಯಲ್ಲಿ ಸುತ್ತಿ ಟೆಂಪೋದಲ್ಲಿ ದಾವಣಗೆರೆಯ ನಮ್ಮ ಮನೆಗೆ ತಂದಿಟ್ಟರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ನಮ್ಮಲ್ಲಿ ಇನ್ನೂ ಕಪ್ಪು ಬಿಳುಪು ಟೀವಿಯೇ ಇತ್ತು. ಅಕ್ಕನ ಅತ್ತೆ ಟೀವಿಯ ಜೊತೆಗೇ ಬಂದು, ಅದನ್ನು ಎಲ್ಲಿಡುತ್ತೇವೆಂದು ನೋಡಿ, ಕಿಟಕಿಯಿಂದ ಎರಡು ಅಡಿ ಈಚೆಗೆ ಸರಿಸಿದರು.

"ನೋಡ್ರಿ ಬೀಗ್ರೆ, ಬ್ಯಾರೆ ಯಾರ ಮನೇಲೂ ಇದನ್ನ ಬಿಡ್ತಿದ್ದಿಲ್ಲ ನಾನು. ನಿಮ್ಮ ಮನೆ ಅಂತ ಬಿಟ್ಟೀನಿ."

ಅಪ್ಪ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮಂಡಿಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡಿ, ಅಂಗಡಿಯನ್ನು ನನ್ನ ಅಣ್ಣನಿಗೆ ವಹಿಸಿ ಮನೆಯಲ್ಲಿದ್ದರು. ಟೀವಿಯ ಮೇಲೆ ಒಂದು ಗೀರು ಬಿದ್ದರೂ ಹರಿಹರದಲ್ಲಿ ಮಗಳು ಮಾತು ಕೇಳಬೇಕಾಗುತ್ತದೆ ಎಂಬುದು ಅವರ ಚಿಂತೆ. ಇಷ್ಟೆಲ್ಲ ಎಚ್ಚರವಿದ್ದ ಅವರೇ ಟೀವಿಯನ್ನು ಕೆಡಿಸಿದರು. ಅದರಲ್ಲಿ ನನ್ನ ಪಾಲೂ ಇತ್ತು.

ನಾನು ಆಗ ಒಂದು ಪತ್ರಿಕೆಯ ಸುದ್ದಿ ವಿಭಾಗದಲ್ಲಿದ್ದೆ. ವಾರದ ರಜೆಯ ದಿನ ಹೊತ್ತು ಕಳೆಯಲು ಒಂದು ವಿಡಿಯೋ ಗೇಮ್ ಡಬ್ಬಿ ತಂದಿದ್ದೆ. ಅದಕ್ಕೆ ಎರಡು ರಿಮೋಟು, ಒಂದು ಕ್ಯಾಸೆಟ್ಟು. ಟ್ಯಾಂಕುಗಳ ಆಟ: ಇಟ್ಟಿಗೆ ಗೋಡೆಗಳ ನಡುವೆ ನಮ್ಮದೊಂದು ಪುಟ್ಟ ಕೋಟೆ, ಅದನ್ನು ಒಡೆಯಲು ಬರುವ ಶತ್ರು ಟ್ಯಾಂಕುಗಳು. ಇನ್ನೆಷ್ಟು ಶತ್ರುಗಳು ಉಳಿದಿದ್ದಾರೆ ಎಂಬುದನ್ನು ಪರದೆಯ ಬಲ ಅಂಚಿನಲ್ಲಿ ಸಣ್ಣ ಟ್ಯಾಂಕುಗಳ ಸಾಲು ತೋರಿಸುತ್ತಿತ್ತು. ಕಲರ್ ಟೀವಿಯಲ್ಲಿ ಅದನ್ನು ಒಮ್ಮೆ ಆಡಿದ ಅಪ್ಪ ರಿಮೋಟನ್ನು ನನಗೆ ಮರಳಿ ಕೊಡಲಿಲ್ಲ.

ಆಂಟೆನಾ ಕೂರಿಸಲು ಬಂದಿದ್ದ ಟೀವಿ ರಿಪೇರಿಯವರು ಡಬ್ಬಿಯನ್ನು ನೋಡಿ ಮೊದಲೇ ಎಚ್ಚರಿಸಿದ್ದರು. "ಯಜಮಾನ್ರೆ, ಒಂದೇ ಚಿತ್ರ ಭಾಳ ಹೊತ್ತು ನಿಲ್ಲಿಸಬ್ಯಾಡ್ರಿ. ಪಿಕ್ಚರ್ ಟ್ಯೂಬಿನ ಮ್ಯಾಲೆ ಅಚ್ಚು ಬೀಳ್ತೈತೆ. ಬಿದ್ರೆ ಹೋಗಂಗಿಲ್ಲ."

ಅಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಅರ್ಧಕ್ಕಿಳಿಸಿದರು. ಅರ್ಧ ಗಂಟೆ ಆಡಿದರೆ ಹತ್ತು ನಿಮಿಷ ಯಾವುದಾದರೂ ಚಾನೆಲ್ ಹಾಕುತ್ತಿದ್ದರು. ಕೃಷಿ ಕಾರ್ಯಕ್ರಮವಾದರೂ ಸರಿ, ಪರದೆಯ ಮೇಲೆ ಏನಾದರೂ ಓಡಾಡುತ್ತಿರಬೇಕು. ಆಡದಿದ್ದಾಗ ಟೀವಿಗೆ ಅಮ್ಮ ಕಸೂತಿ ಹಾಕಿದ ಬಟ್ಟೆಯ ಮುಸುಕು.

ಒಂದು ವಿಷಯ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಸಂಜೆ ಊಟಕ್ಕೆ ಮೊದಲು ಅಪ್ಪ ಕೈಕಾಲು ತೊಳೆದು, ವಿಭೂತಿ ಹಚ್ಚಿ, ಇಷ್ಟಲಿಂಗ ಪೂಜೆಗೆ ಕೂರುತ್ತಿದ್ದರು. ಆ ಹೊತ್ತಿಗೆ ಆಟ ಹದಿನೈದನೆಯದೋ ಹದಿನಾರನೆಯದೋ ಹಂತದಲ್ಲಿರುತ್ತಿತ್ತು. ಡಬ್ಬಿ ಆರಿಸಿದರೆ ಮತ್ತೆ ಮೊದಲ ಹಂತದಿಂದ ಶುರು. ಹಾಗಾಗಿ ಆಟವನ್ನು ನಿಲ್ಲಿಸುವ ಗುಂಡಿ ಒತ್ತಿ ಏಳುತ್ತಿದ್ದರು. ಆಟ ನಿಂತರೆ ಟೀವಿಗೂ ಬಿಡುವು ಎಂದು ಅವರು ನಂಬಿದ್ದರು. ಅಮ್ಮನಿಗೆ ಅನುಮಾನವಿತ್ತು.

"ಟೀವಿ ಆರಿಸ್ಲೇನ್ರಿ?" ಎಂದು ಅಡುಗೆಮನೆಯಿಂದ ಕೇಳುತ್ತಿದ್ದಳು.

ಪೂಜೆಗೆ ಕೂತವರು ಮಾತಾಡುವಂತಿಲ್ಲ. ಎಡ ಅಂಗೈಯಲ್ಲಿ ಲಿಂಗ. ಬಲಗೈಯನ್ನು ಜೋರಾಗಿ ಆಡಿಸಿ ಬೇಡವೆನ್ನುತ್ತಿದ್ದರು. ಪೂಜೆ ಎಷ್ಟು ಹೊತ್ತು ನಡೆಯುತ್ತಿತ್ತು ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಅಪ್ಪನ ಪ್ರಕಾರ ಕಾಲು ಗಂಟೆ, ಅಮ್ಮನ ಪ್ರಕಾರ ಮುಕ್ಕಾಲು. ಹೀಗೆ ಎರಡೂವರೆ ತಿಂಗಳು.

ತಾರಸಿ ಕೆಲಸ ಮುಗಿಯಿತು, ಭಾನುವಾರ ಟೀವಿ ಕಳಿಸಿ ಎಂದು ಹರಿಹರದಿಂದ ಫೋನ್ ಬಂದ ಸಂಜೆಯೇ ನಾನು ಅದನ್ನು ಕಂಡೆ. ವಾರ್ತೆ ನೋಡುತ್ತಿದ್ದೆ. ನೀಲಿ ಹಿನ್ನೆಲೆಯಲ್ಲಿ ಕೂತ ವಾರ್ತಾವಾಚಕಿಯ ಎಡ ಭುಜದ ಮೇಲೆ ಮಸುಕಾಗಿ ಟ್ಯಾಂಕುಗಳ ಸಾಲು. ಚಾನೆಲ್ ಬದಲಿಸಿದೆ, ಸಾಲು ಅಲ್ಲೇ ಇತ್ತು. ಗಾಜು ಒರೆಸಿದೆ, ಹೋಗಲಿಲ್ಲ. ಅಪ್ಪನನ್ನು ಕರೆದೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ಬಳಿಕ ಅಮ್ಮನ ಕಡೆ ತಿರುಗಿದರು.

"ನನ್ನ ಯಾಕ ನೋಡ್ತೀರಿ? ದಿನಾ ಕೇಳಿಲ್ವ ನಾನು?" ಎಂದಳು ಅಮ್ಮ.

ಮರುದಿನ ರಿಪೇರಿಯವರು ಬಂದರು. ಅಪ್ಪ ನಡೆದದ್ದನ್ನೆಲ್ಲ ಹೇಳಿದರು. ಅವರು ನಕ್ಕು, ಆಟ ಹಚ್ಚಿ ನಡುವೆ ನಿಲ್ಲಿಸುವ ಗುಂಡಿ ಒತ್ತಿ, ಟೀವಿಯನ್ನು ಆರಿಸಿದರು, ಡಬ್ಬಿಯನ್ನು ಹಾಗೇ ಬಿಟ್ಟರು. ನಾವೆಲ್ಲ ಒಂದೊಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾದು ಮತ್ತೆ ಟೀವಿ ಹಚ್ಚಿದರು. ಆಟ ನಿಂತಲ್ಲೇ ನಿಂತಿತ್ತು. ಗುಂಡಿ ಒತ್ತಿದೊಡನೆ ಮುಂದುವರಿಯಿತು.

"ಆಟ ಡಬ್ಬಿಯೊಳಗೈತೆ ಯಜಮಾನ್ರೆ, ಟೀವಿಯೊಳಗಲ್ಲ. ಪೂಜೆ ಮುಗಿಯೋತನಕ ಟೀವಿ ಒಂದು ಆರಿಸಿದ್ರೆ ಆಗ್ತಿತ್ತು."

ಅಪ್ಪ ಪರದೆಯ ಬಲ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು. "ಇದು ಹೋಗಂಗಿಲ್ಲೇನು?" ಎಂದರು.

"ಟ್ಯೂಬ್ ಬದಲಾಯಿಸ್ಬೇಕು. ಆದ್ರೆ ತಿಳಿ ಬಣ್ಣ ಬಂದಾಗ ಅಷ್ಟೇ ಕಾಣ್ತೈತೆ. ಹೇಳದಿದ್ರೆ ಯಾರಿಗೂ ಗೊತ್ತಾಗಂಗಿಲ್ಲ ಬಿಡ್ರಿ."

ಹೇಳದಿರೋಣ ಎಂಬುದೇ ಅಮ್ಮನ ಮತವೂ ಆಗಿತ್ತು. ಅಪ್ಪ ಒಪ್ಪಲಿಲ್ಲ. ಕಾಳಿನ ಮಾದರಿ ತೋರಿಸುವಾಗ ಹುಳುಕನ್ನು ಮೇಲಿಟ್ಟು ತೋರಿಸುವುದು ಅವರ ಅಂಗಡಿಯ ಪದ್ಧತಿ. ಭಾನುವಾರ ಟೀವಿಯ ಜೊತೆ ಆಟದ ಡಬ್ಬಿಯನ್ನೂ ಟೆಂಪೋಗೆ ಏರಿಸಿದರು. ಹೇಗಾಯಿತೆಂದು ತೋರಿಸಲು ಬೇಕಾಗುತ್ತದೆ ಎಂದರು.

ಹರಿಹರದ ಮನೆಯಲ್ಲಿ ಕಾಫಿ ಬರುವ ಮುಂಚೆಯೇ ಅಪ್ಪ ಟೀವಿ ಹಚ್ಚಿಸಿ, ಬೆರಳಿಟ್ಟು ಅಚ್ಚನ್ನು ತೋರಿಸಿ, ಟ್ಯಾಂಕಿನ ಆಟ, ಪೂಜೆಯ ಹೊತ್ತು ಎಲ್ಲವನ್ನೂ ಹೇಳಿದರು. ಅಕ್ಕ ಬಾಗಿಲ ಬಳಿ ಸೆರಗು ತಿರುಚುತ್ತ ನಿಂತಿದ್ದಳು. ಅವಳ ಅತ್ತೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ಇದೇನ್ರಿ ಬೀಗ್ರೆ, ಇರುವೆ ಸಾಲು ಹೊಂಟಂಗೈತೆ!"

"ತಪ್ಪು ನಂದೇ. ಟ್ಯೂಬ್ ಬದಲಾಯಿಸಿ ಕೊಡ್ತೀನಿ. ಇದ್ರಾಗೆ ಮಗಳದ್ದೇನೂ ಇಲ್ಲ."

"ಮಗಳ ಮಾತು ಈಗ್ಯಾಕ ಬಂತು? ಅವಳೇನು ಟ್ಯಾಂಕ್ ಹೊಡ್ಸಿದ್ಲೇನು?" ಎಂದು ಅವರು ಸೊಸೆಯತ್ತ ನೋಡಿದರು. "ಏ, ಕಾಫಿ ತಗಂಬಾ, ನಿಮ್ಮಪ್ಪನ ಮಾರಿ ನೋಡು, ಕೋರ್ಟಿಗೆ ಬಂದಂಗೆ ಕುಂತಾರೆ." ಅಕ್ಕ ನಗು ತಡೆದು ಒಳಗೆ ಹೋದಳು.

ಬಳಿಕ ಅವರು ಡಬ್ಬಿಯತ್ತ ಕೈಮಾಡಿದರು. "ಪೂಜೆಗೆ ಕುಂತ್ರೂ ಬಿಡದಂಥಾ ಆಟ ಯಾವುದು, ನಾನೂ ನೋಡ್ತೀನಿ ತಡೀರಿ."

ಅಪ್ಪ ಜೋಡಿಸಿಕೊಟ್ಟರು. ಬೀಗಿತ್ತಿ ಮೊದಲ ಗುಂಡಿಗೇ ತಮ್ಮ ಕೋಟೆಯನ್ನೇ ಒಡೆದುಕೊಂಡರು. ಎರಡನೇ ಸಲವೂ ಅದೇ ಆಯಿತು. ಅಪ್ಪ ಇನ್ನೊಂದು ರಿಮೋಟು ಹಿಡಿದು, "ನೀವು ಕೋಟೆ ಕಾಯ್ರಿ, ಹೊರಗಿಂದು ನಾನು ನೋಡ್ಕಂತೀನಿ" ಎಂದರು. ಊಟಕ್ಕೆ ಕರೆಯುವ ಹೊತ್ತಿಗೆ ಇಬ್ಬರೂ ಆರನೇ ಹಂತದಲ್ಲಿದ್ದರು. ಅಪ್ಪ ಎದ್ದು ಟೀವಿಯನ್ನು ಆರಿಸಿದರು, ಡಬ್ಬಿಯನ್ನು ಮುಟ್ಟಲಿಲ್ಲ.

ಹೊರಡುವಾಗ ಅವರು ಡಬ್ಬಿಯ ವೈರು ಸುತ್ತತೊಡಗಿದರು. ಬೀಗಿತ್ತಿ ತಡೆದರು.

"ಟ್ಯೂಬ್ ಏನೂ ಬ್ಯಾಡ. ಈ ಡಬ್ಬಿ ಇಲ್ಲೇ ಇರ್ಲಿ. ದಂಡ ಅಂತ ತಿಳ್ಕಳ್ರಿ."

ಅಪ್ಪ ನನ್ನನ್ನು ನೋಡಿದರು. ಡಬ್ಬಿ ನನ್ನದೆಂಬುದು ಅವರಿಗೆ ಆಗ ನೆನಪಾಗಿರಬೇಕು. ನಾನು ತಲೆಯಾಡಿಸಿದೆ.

ಬಸ್ಸಿನಲ್ಲಿ ನಾವಿಬ್ಬರೂ ದಾವಣಗೆರೆಗೆ ಮರಳಿದೆವು. ಮನೆಗೆ ಬಂದು ಚಪ್ಪಲಿ ಬಿಡುತ್ತ ಅಪ್ಪ ಅಮ್ಮನಿಗೆ ಹೇಳಿದರು: "ಬರೋ ಭಾನುವಾರ ಮತ್ತೆ ಹರಿಹರಕ್ಕೆ ಹೋಗಿ ಬರ್ತೀನಿ. ಮಗಳನ್ನ ನೋಡ್ದಂಗೂ ಆಗ್ತೈತೆ."

"ಮಗಳನ್ನ ಕೊಟ್ಟು ಆರು ವರ್ಷ ಆತು," ಎಂದಳು ಅಮ್ಮ. "ಈಗ ನೆನಪಾತೇನು?"